ನನ್ನ ಹತ್ತಿರ

ದುರ್ಗಿಗುಡಿಯಲ್ಲಿ, ಝೆರಾಕ್ಸ್ ಅಂಗಡಿಯ ಮಾಳಿಗೆ ಮೇಲೆ
ನಾಲ್ಕು ಕುರ್ಚಿ, ಮೂರು ಜನ, ಒಂದು ಯುಪಿಎಸ್.
ಮಧ್ಯಾಹ್ನ ಒಂದೂವರೆಗೆ ನನ್ನ ಬೆಳಗು.
ಸ್ಕಾಟ್ಲೆಂಡಿನ ಓಬನ್ ಎಂಬ ಬಂದರೂರಿನಲ್ಲಿ
ಯೂವನ್ ಮೆಕ್ರೇ ಶಟರ್ ಎತ್ತುವ ಹೊತ್ತು ಅದು.
ಚಳಿಗಾಲಕ್ಕೆ ಗಡಿಯಾರ ತಿರುವಿ
ಒಂದು ತಾಸು ಹಿಂದೆ ಸರಿಯುತ್ತಾರೆ ಅವರು;
ನನ್ನ ಊಟವೂ ಸರಿಯುತ್ತದೆ.

ಬೂಟು ರಿಪೇರಿ, ಚಾವಿ ನಕಲು, ಅಷ್ಟೇ ಅಂಗಡಿ.
ತಿಂಗಳಿಗೆ ನಲವತ್ತು ಪೌಂಡು ಕೊಡುತ್ತಾನೆ
ನಾನು ಅವನನ್ನು ಮೇಲೆತ್ತುವುದಕ್ಕೆ.
ಯಾರೂ ಇಣುಕದ ಎರಡನೇ ಪುಟದಲ್ಲಿ
ಹದಿನಾಲ್ಕನೆಯವನಾಗಿ ಬಿದ್ದುಕೊಂಡಿದ್ದ.
ಈಗ ಮೂರನೆಯವ.

ಹೇಗೆ ಅಂತೀರಾ?
ನಕ್ಷೆಯ ಗುಂಡುಸೂಜಿ ಪಕ್ಕದ ಮೀನಿನಂಗಡಿಗೆ ಚುಚ್ಚಿತ್ತು,
ಕಿತ್ತು, ಹನ್ನೊಂದು ಹೆಜ್ಜೆ ಈಚೆ ನೆಟ್ಟೆ.
ಎಂಟು ಫೋಟೊ ತರಿಸಿದೆ; ಎರಡರಲ್ಲಿ ಅವನ ಹೆಬ್ಬೆರಳಿತ್ತು.
'ಯೂವನ್, ಮೋರಾಗ್ ಇಬ್ಬರೇ ನಡೆಸುವ ಅಂಗಡಿ' ಎಂದು
ವಿವರಣೆ ಬರೆದೆ, ಕೇಳಿ ತಿಳಿದು.
'ಮುದುಕ ಗೊಣಗುತ್ತಾನೆ' ಎಂದ ಒಂದು ನಕ್ಷತ್ರದವನಿಗೆ
'ತಮ್ಮ ಮಾತಿಗೆ ಋಣಿ' ಎಂದು
ಅವನ ಪರವಾಗಿ ನಾನೇ ಬಾಗಿದೆ.

ಆಮೇಲೆ, ಎಲ್ಲಕ್ಕಿಂತ ಮುಖ್ಯ, ಎರಡು ಪದ.
ಚಾವಿ ಮಾಡುವವರು, ನನ್ನ ಹತ್ತಿರ.
ಕಿತ್ತ ಹಿಮ್ಮಡಿ, ನನ್ನ ಹತ್ತಿರ.
ಆ ಊರಲ್ಲಿ ಮನೆ ಹೊರಗೆ ಉಳಿದ ಯಾರೋ
ಬೆರಳಾಡಿಸಿ ಹುಡುಕಿದರೆ
ಆ 'ನನ್ನ' ಯಾರು, ಆ 'ಹತ್ತಿರ' ಎಷ್ಟು ಎಂದು
ಇಲ್ಲಿ ಕೂತು ಅಳೆಯುವವಳು ನಾನು.

ಕನ್ನಡಕ್ಕೆ ತಂದರೆ ಮಾತು ಕೊಂಚ ಜಾರುತ್ತದೆ.
ನನ್ನ ಹತ್ತಿರ ಚಿಲ್ಲರೆ ಇಲ್ಲ.
ನನ್ನ ಹತ್ತಿರ ಅದೆಲ್ಲ ಹೇಳಬೇಡ.
ತೀರಾ ಹತ್ತಿರದವರಂತೆ, ಹೋಗಿಬಿಟ್ಟರಂತೆ.
ಜೇಬಿಗೂ ಕಿವಿಗೂ ಸೂತಕಕ್ಕೂ ಒಂದೇ ಪದ.
ಪರದೆಗೆ ಮಾತ್ರ ಅದು ಮೈಲಿ.

ಕೆಳಗೆ ಮೆಟ್ಟಿಲ ಬುಡದಲ್ಲಿ ದಸ್ತಗೀರ್ ಸಾಬರು
ಕರಕರ ಚಾವಿ ಅರೆಯುತ್ತಾರೆ.
ಕಂಬಕ್ಕೆ ಕಟ್ಟಿದ ತಗಡಿನ ಚಾವಿಯೇ ಬೋರ್ಡು.
'ನಿಮ್ಮನ್ನೂ ಹಾಕ್ಲಾ ಸಾಬ್ರೆ, ನಕ್ಷೇಲಿ? ದುಡ್ಡು ಬೇಡ.'
'ಬ್ಯಾಡ ತಾಯಿ. ಕಾರ್ಪೊರೇಷನ್ನೋರೂ ನೋಡ್ತಾರೆ.'

ಮಾರ್ಚಿನಲ್ಲಿ ಯೂವನ್ ಬರೆದ:
ಇನ್ನು ಬುಧವಾರ ರಜೆ ಎಂದು ಹಾಕಿ.
ಮೇನಲ್ಲಿ: ಶುಕ್ರವಾರವೂ.
ನಮ್ಮ ಫಾರಮ್ಮಿನಲ್ಲಿ ಕಾರಣದ ಕಾಲಂ ಇಲ್ಲ.
ಒಮ್ಮೆ ಮಾತ್ರ, ತಡವಾದ ಉತ್ತರದ ಕೊನೆಗೆ:
ಮೋರಾಗಳನ್ನು ಗ್ಲಾಸ್ಗೋಗೆ ಕರೆದೊಯ್ಯಬೇಕಿತ್ತು, ಆಸ್ಪತ್ರೆ.
ಕೆಲಸ ಬಿಟ್ಟು ದಾರಿ ಹುಡುಕಿ ನೋಡಿದೆ:
ಎರಡೂವರೆ ತಾಸು, ಗುಡ್ಡ, ಕೆರೆಯಂಚು, ತಿರುವು.
ಅತ್ತೆಯನ್ನು ನಾವು ಆಗುಂಬೆ ಇಳಿಸಿಕೊಂಡು
ಮಣಿಪಾಲಕ್ಕೆ ಹೋಗುತ್ತಿದ್ದ ಹಾಗೇ.
ನಮ್ಮದು ಮಂಗಳವಾರ ಇತ್ತು.
ತೀರ್ಥಹಳ್ಳಿಯಲ್ಲಿ ಕಾಫಿಗೆ ನಿಲ್ಲಿಸುತ್ತಿದ್ದೆವು;
ಅವನು ಎಲ್ಲಿ ನಿಲ್ಲಿಸುತ್ತಾನೋ.

ಮುಚ್ಚಿದ ಬಾಗಿಲನ್ನು ಯಂತ್ರ ಹಿಂದಕ್ಕೆ ತಳ್ಳುತ್ತದೆ.
ಐದು. ಏಳು. ಒಂಬತ್ತು.
'ಏನ್ರೀ ಇದು' ಅಂದರು ನಮ್ಮ ಸುಧೀಂದ್ರ ಸರ್.

ಆಗಸ್ಟಿನ ಒಂದು ಸೋಮವಾರ, ಒಂದೇ ಸಾಲು:
ಬುಧ, ಶುಕ್ರ ಮತ್ತೆ ತೆರೆದಿದೆ ಎಂದು ಹಾಕಿ.
ಒಂಬತ್ತರಿಂದ ಐದು.

ಮತ್ತೇನಿಲ್ಲ.
ಇನ್ನೂ ಕೆಳಗೇನಾದರೂ ಇದೆಯೇ ಎಂದು
ಪರದೆ ಉರುಳಿಸಿದೆ, ಬಿಳಿ ಮುಗಿಯುವ ತನಕ.
ಉತ್ತರದ ಚೌಕ ತೆರೆದೆ.
ನನ್ನ ಸಹಿ ಅಲ್ಲಿ ಮೊದಲೇ ಕೂತಿತ್ತು: 'ಸಪೋರ್ಟ್ ಟೀಮ್'.
ಟೀಮಿಗೆ ಯಾವ ಸೂತಕ.
ಬುಧವಾರವನ್ನು ಹಸಿರು ಮಾಡಿದೆ.
ಶುಕ್ರವಾರವನ್ನು ಹಸಿರು ಮಾಡಿದೆ.
'ಬದಲಾವಣೆ ಆಗಿದೆ, ಧನ್ಯವಾದ' ಎಂದು ಕಳಿಸಿದೆ.

ದೀಪಾವಳಿ ಹೊತ್ತಿಗೆ ಅವರು ಎರಡನೆಯವರಾದರು.
ಸುಧೀಂದ್ರ ಸರ್ ಮಂಡಕ್ಕಿ, ಮೆಣಸಿನಕಾಯಿ ತರಿಸಿದರು.
ಖಾರ ಜಾಸ್ತಿಯಿತ್ತು.

ವಿವರಣೆಯಲ್ಲಿ ನಾನು ಬರೆದ ಸಾಲು ಹಾಗೇ ಇದೆ:
ಇಬ್ಬರೇ ನಡೆಸುವ ಅಂಗಡಿ.
ತಿದ್ದಿ ಎಂದು ಅವರು ಬರೆದಿಲ್ಲ.
ಸೋಮವಾರಕ್ಕೊಮ್ಮೆ ತೆರೆದು ನೋಡುತ್ತೇನೆ,
ಏನೂ ಮುಟ್ಟದೆ ಮುಚ್ಚುತ್ತೇನೆ.